ಲಾಂಡ್ರಿ ಚಿಕ್ಕಮ್ಮ ನೋಡಿದ ಆರೈಕೆ ಮನೆಗಳು

ದೊಡ್ಡಾಸ್ಪತ್ರೆಯ ನೆಲಮಾಳಿಗೆಯಲ್ಲಿ ಮೂವತ್ತಮೂರು ವರ್ಷ ಬಟ್ಟೆ ಒಗೆದವಳನ್ನು ಅಲ್ಲಿ ಎಲ್ಲರೂ ಚಿಕ್ಕಮ್ಮ ಎಂದೇ ಕರೆಯುತ್ತಿದ್ದರು. ನಿಜಕ್ಕೆ ಅವಳು ಚಿಕ್ಕಮ್ಮನಾಗಿದ್ದದ್ದು ಒಬ್ಬನಿಗೆ ಮಾತ್ರ, ತನ್ನ ಅಕ್ಕನ ಮಗನಿಗೆ. ಅವನು ಚಿಕ್ಕವನಿದ್ದಾಗ ಲಾಂಡ್ರಿಯ ಬಾಗಿಲಲ್ಲಿ ನಿಂತು ಹಾಗೆ ಕೂಗಿದ್ದೇ ನೆಪವಾಯಿತು. ಯಂತ್ರ ತಿರುಗಿಸುವವರು, ವಾರ್ಡಿನ ಆಯಾಗಳು, ಕೊನೆಗೆ ಅವಳಿಗಿಂತ ಹತ್ತು ವರ್ಷ ದೊಡ್ಡವನಾದ ಬಾಯ್ಲರ್ ಮೇಸ್ತ್ರಿ ಕೂಡ ಅದನ್ನೇ ಹಿಡಿದುಕೊಂಡರು. ಅವಳಿಗೆ ಮದುವೆಯಾಗಿರಲಿಲ್ಲ. ಯಾಕೆಂದು ಕೇಳಿದವರಿಗೆ ಪುರುಸೊತ್ತಾಗಲಿಲ್ಲ ಅನ್ನುತ್ತಿದ್ದಳು.

ದಿನಕ್ಕೆ ಎಂಟುನೂರು ಬೆಡ್‌ಶೀಟು ಅವಳ ಕೈ ದಾಟಿ ಯಂತ್ರದ ಹೊಟ್ಟೆಗೆ ಹೋಗುತ್ತಿದ್ದವು. ಶೀಟು ನೋಡಿದರೆ ಸಾಕು, ಅದರ ಮೇಲೆ ಮಲಗಿದ್ದವರ ಗತಿ ಏನೆಂದು ಅವಳಿಗೆ ತಿಳಿಯುತ್ತಿತ್ತು. ನಡುಭಾಗ ಮಾತ್ರ ನುರಿದು ಅಂಚು ಗರಿಗರಿಯಾಗಿದ್ದರೆ ಯಾರೋ ಹೊರಳದೆ ಬಿದ್ದಿದ್ದಾರೆ ಎಂದರ್ಥ. ಹಳದಿ ಕಲೆಯೊಳಗೆ ಇನ್ನೊಂದು ಕಲೆ, ಅದರೊಳಗೆ ಮತ್ತೊಂದು ಇದ್ದರೆ, ಒದ್ದೆಯಾಗಿ, ಒಣಗಿ, ಮತ್ತೆ ಒದ್ದೆಯಾಗಿದೆ. ನಡುವೆ ಯಾರೂ ಬಂದಿಲ್ಲ. ಒಮ್ಮೆ ಅಂಥದ್ದೊಂದು ಶೀಟನ್ನು ಮಡಚಿ ಕಂಕುಳಲ್ಲಿಟ್ಟುಕೊಂಡು ಮೂರು ಮಹಡಿ ಹತ್ತಿ, ವಾರ್ಡಿನ ಹೆಡ್ ನರ್ಸ್ ಮೇಜಿನ ಮೇಲೆ ಬಿಚ್ಚಿ ಹರಡಿದಳು. ಈ ಹಾಸಿಗೆಯವರು ನಿನ್ನೆ ಮೂರು ಸಲ ಒದ್ದೆಯಾಗಿದ್ದಾರೆ, ಶೀಟು ಬದಲಾಗಿದ್ದು ಒಂದೇ ಸಲ ಎಂದಳು. ಅನುಮತಿಯಿಲ್ಲದೆ ವಾರ್ಡಿಗೆ ಬಂದದ್ದಕ್ಕೆ ಮೆಮೋ ಸಿಕ್ಕಿತು. ಅವಳು ಅದಕ್ಕೆ ರುಜು ಹಾಕಿಕೊಟ್ಟು, ಮುಂದಿನ ವಾರ ಇನ್ನೊಂದು ಶೀಟು ಹಿಡಿದು ಹತ್ತಿದಳು. ಮೂರನೇ ಸಲ ಅವಳು ಹತ್ತಬೇಕಾಗಿ ಬರಲಿಲ್ಲ, ಹೆಡ್ ನರ್ಸೇ ಇಳಿದು ಬಂದಳು.

ಅರವತ್ತಕ್ಕೆ ನಿವೃತ್ತಿಯಾದಾಗ ಅವಳ ಬಳಿ ಉಳಿದದ್ದು ಸವೆದ ಎರಡು ಮಂಡಿ, ಮೊಣಕೈವರೆಗೆ ಹಬೆ ತಾಗಿದ ಗುರುತು, ಮತ್ತು ಯಾರು ಏನು ಹೇಳಿದರೂ ಒಮ್ಮೆ ತಾನೇ ಮುಟ್ಟಿ ನೋಡುವ ಚಾಳಿ.

ಅಕ್ಕ ಅವಳಿಗಿಂತ ಎಂಟು ವರ್ಷ ದೊಡ್ಡವಳು. ತಾಯಿ ತೀರಿಕೊಂಡಾಗ ಚಿಕ್ಕಮ್ಮನಿಗೆ ನಾಲ್ಕು ವರ್ಷ. ತಲೆ ಬಾಚಿದ್ದು, ಕೈ ತುತ್ತು ಹಾಕಿದ್ದು, ಸುಳ್ಳು ಹೇಳಿದಾಗ ಬೆನ್ನಿಗೆ ಬಾರಿಸಿದ್ದು ಎಲ್ಲ ಅಕ್ಕನೇ. ಆಮೇಲೆ ಅಕ್ಕ ಸೋಫಾ ಕವರು, ಪರದೆ ಹೊಲಿಯುವ ಕೆಲಸ ಹಿಡಿದು, ಗಂಡ ಹೋದ ಮೇಲೆ ಆ ಹೊಲಿಗೆಯಲ್ಲೇ ಮಗನನ್ನು ಓದಿಸಿದಳು. ಎಪ್ಪತ್ತನಾಲ್ಕರಲ್ಲೂ ಹೊಲಿಯುತ್ತಿದ್ದಳು. ಒಂದು ಬೆಳಗ್ಗೆ ಮಷೀನಿನ ಮುಂದೆ ಕೂತಲ್ಲೇ ಲಕ್ವ ಹೊಡೆಯಿತು. ಬಲಗೈ ಬಲಗಾಲು ಬಿದ್ದುಹೋದವು. ಮಾತು ಹೋಯಿತು, ಒಂದು ಪದ ಬಿಟ್ಟು.

ಉಳಿದ ಆ ಒಂದು ಪದ 'ಬೇಡ'. ನೀರು ಬೇಕೇ ಎಂದರೂ ಬೇಡ, ಕಿಟಕಿ ಮುಚ್ಚಲೇ ಎಂದರೂ ಬೇಡ, ಮಗ ಬಂದು ಕೈ ಹಿಡಿದರೂ ಬೇಡ. ಮಗ ಕಂಗಾಲಾದ. ಚಿಕ್ಕಮ್ಮ ಮಾತ್ರ ಎರಡೇ ದಿನದಲ್ಲಿ ಅದರ ಮರ್ಮ ಹಿಡಿದಳು. ಎಳೆದು ಹೇಳಿದರೆ ಬೇಕು ಎಂದು, ಕತ್ತರಿಸಿ ಹೇಳಿದರೆ ಬೇಡ ಎಂದು, ಎರಡು ಸಲ ಒಟ್ಟಿಗೆ ಹೇಳಿದರೆ ಅದು ಬೈಗುಳ.

ಮೂರು ವಾರದ ನಂತರ ದೊಡ್ಡಾಸ್ಪತ್ರೆಯ ಡಾಕ್ಟರು ಅಕ್ಕನ ಮಗನನ್ನೂ ಚಿಕ್ಕಮ್ಮನನ್ನೂ ಕೂರಿಸಿಕೊಂಡು ವಿವರವಾಗಿ ಹೇಳಿದರು. ಕಾಲಿನಲ್ಲಿ ಸ್ವಲ್ಪ ಜೀವ ಇದೆ. ಮುಂದಿನ ಮೂರು ನಾಲ್ಕು ತಿಂಗಳು ದಿನವೂ ವ್ಯಾಯಾಮ ಮಾಡಿಸಿ ನಡೆಸಿದರೆ ನಡೆದಾರು. ಈ ಕಾಲ ಕಳೆದರೆ ಮತ್ತೆ ಬರುವುದು ಕಷ್ಟ. ಮನೆಯಲ್ಲಿ ಆಗುವ ಕೆಲಸವಲ್ಲ, ಒಳ್ಳೆಯ ಆರೈಕೆ ಮನೆ ನೋಡಿ. ಅಕ್ಕನ ಮಗನದು ಡ್ರೈವಿಂಗ್ ಸ್ಕೂಲು. ವಾಸ ಮೂರನೇ ಮಹಡಿಯಲ್ಲಿ, ಲಿಫ್ಟ್ ಇಲ್ಲ. ಹೆಂಡತಿ ಹಲ್ಲಿನ ಡಾಕ್ಟರ ಬಳಿ ಕೆಲಸಕ್ಕೆ ಹೋಗುವವಳು. ಡಾಕ್ಟರು ಹೇಳಿದ್ದು ಅವನಿಗೆ ಒಳಗೊಳಗೇ ನೆಮ್ಮದಿ ತಂದಿತು. ಆ ನೆಮ್ಮದಿಗೆ ನಾಚಿಕೆಯೂ ಆಯಿತು.

ಅವನು ಹುಡುಕಿದ ಮನೆಯ ಅಂಗಳದಲ್ಲಿ ಕಾರಂಜಿ ಇತ್ತು. ಒಳಗೆ ಕಾಲಿಟ್ಟರೆ ಹೂವಿನ ಸೆಂಟಿನ ಪರಿಮಳ, ಗೋಡೆಯ ಮೇಲೆ ಸರ್ಕಾರದವರು ಕೊಟ್ಟ ಐದು ನಕ್ಷತ್ರದ ಪತ್ರ. ಮ್ಯಾನೇಜರ್ ಮೆಲುದನಿಯ ಮನುಷ್ಯ. ಪ್ರತಿ ಬಾಗಿಲನ್ನೂ ತಾನೇ ತೆರೆದು ಹಿಡಿಯುತ್ತಿದ್ದ. ಅಕ್ಕನ ಮಗ ಅವನ ಹಿಂದೆ ನಡೆದ, ಚಿಕ್ಕಮ್ಮ ಅಲ್ಲಲ್ಲೇ ನಿಂತು ಹಿಂದುಳಿದಳು. ಬೆಳಗಿನ ಹನ್ನೊಂದು ಗಂಟೆ. ಹಜಾರದಲ್ಲಿ ಇಪ್ಪತ್ತು ಜನ ಗಾಲಿಕುರ್ಚಿಗಳಲ್ಲಿ ಟಿವಿಯ ಮುಂದೆ ಕೂತಿದ್ದರು, ಮಲಗುವ ಬಟ್ಟೆಯಲ್ಲೇ. ವ್ಯಾಯಾಮದ ಕೋಣೆಯಲ್ಲಿ ಹೊಸ ಸೈಕಲ್ ಯಂತ್ರ ಪ್ಲಾಸ್ಟಿಕ್ ಹೊದಿಕೆ ಹೊದ್ದು ನಿಂತಿತ್ತು. ಎಲ್ಲೂ ಒಂದು ಕರೆಗಂಟೆ ಕೇಳಲಿಲ್ಲ. ಶೀಟುಗಳನ್ನು ಇಡುವ ಕೋಣೆ ತೋರಿಸುತ್ತೀರಾ ಎಂದು ಕೇಳಿದಳು. ಮ್ಯಾನೇಜರ್ ನಕ್ಕು, ಸೋಂಕಿನ ನಿಯಮ, ಹೊರಗಿನವರಿಗೆ ಪ್ರವೇಶವಿಲ್ಲ ಎಂದ.

ವಾಪಸು ಬರುವಾಗ ಕಾರಿನಲ್ಲಿ ಅವಳು ಆ ಜಾಗ ಬೇಡ ಎಂದಳು. ಯಾಕೆ ಎಂದ ಅವನು.

"ಯಾರ ಕಾಲಲ್ಲೂ ಶೂ ಇಲ್ಲ, ಚಪ್ಪಲಿ ಇಲ್ಲ. ಎಲ್ಲರಿಗೂ ಬರೀ ಸಾಕ್ಸು. ನಡೆಯೋರ ಕಾಲು ಹಾಗಿರಲ್ಲ ಕಣೋ."

"ಐದು ನಕ್ಷತ್ರ ಕೊಟ್ಟೋರಿಗೆ ಕಣ್ಣಿಲ್ವಾ ಹಾಗಾದ್ರೆ? ಚಿಕ್ಕಮ್ಮ, ನಿಂಗೆ ಎಲ್ಲಿ ನೋಡಿದ್ರೂ ಕಲೆನೇ ಕಾಣೋದು."

ಆ ಮಾತು ಅವಳಿಗೆ ನಾಟಿತು. ನಿಜವೇ ಇರಬಹುದು, ಮೂವತ್ತಮೂರು ವರ್ಷ ಕೊಳೆಯನ್ನೇ ನೋಡಿದವಳ ಕಣ್ಣು ಇದು ಎಂದು ಅವಳಿಗೂ ಅನ್ನಿಸಿತು. ಹೇಗಿದ್ದರೂ ಕಾಗದಕ್ಕೆ ರುಜು ಹಾಕಬೇಕಾದವನು ಮಗ. ಅವನು ಹಾಕಿದ. ಎರಡು ದಿನದಲ್ಲಿ ಅಕ್ಕ ಕಾರಂಜಿ ಮನೆಯ ಎರಡನೇ ಮಹಡಿಗೆ ಹೋದಳು. ಅವಳ ಜೊತೆಗೆ, ನಡೆಯುವ ವ್ಯಾಯಾಮಕ್ಕೆಂದು ಕೊಂಡ ಹೊಸ ಶೂಗಳೂ ಹೋದವು.

ಭೇಟಿಗೆ ಬಿಡುತ್ತಿದ್ದದ್ದು ಸಂಜೆ ನಾಲ್ಕರಿಂದ ಆರು. ಚಿಕ್ಕಮ್ಮ ದಿನವೂ ಎರಡು ಬಸ್ಸು ಬದಲಿಸಿ ಬರುತ್ತಿದ್ದಳು. ನಾಲ್ಕಕ್ಕೆ ಸರಿಯಾಗಿ ಅಕ್ಕ ತಲೆ ಬಾಚಿಸಿಕೊಂಡು, ಮುಖಕ್ಕೆ ಪೌಡರು ಹಚ್ಚಿಸಿಕೊಂಡು ಕಿಟಕಿಯ ಬಳಿ ಕೂತಿರುತ್ತಿದ್ದಳು. ಬೆರಳಿಟ್ಟು ತೋರಿಸಲು ಏನೂ ಸಿಗುತ್ತಿರಲಿಲ್ಲ. ವ್ಯಾಯಾಮ ಆಯಿತೇ ಎಂದರೆ ಬೆಳಗ್ಗೆಯೇ ಆಯಿತು ಎನ್ನುತ್ತಿದ್ದರು. ಅಕ್ಕ ಎಡಗೈಯಲ್ಲಿ ತಂಗಿಯ ಮಣಿಕಟ್ಟನ್ನು ಬಿಗಿಯಾಗಿ ಹಿಡಿದು "ಬೇಡ ಬೇಡ" ಎನ್ನುತ್ತಿದ್ದಳು. ಹೋಗುವ ಬರುವ ಆಯಾಗಳು ನಗುತ್ತಿದ್ದರು. ಅಜ್ಜಿಗೆ ಬೇಡಮ್ಮ ಎಂದೇ ಹೆಸರಿಟ್ಟುಬಿಟ್ಟಿದ್ದರು.

ಹನ್ನೊಂದನೇ ದಿನ ಚಿಕ್ಕಮ್ಮ ಬಗ್ಗಿ ಮಂಚದ ಕೆಳಗಿನ ಶೂಗಳನ್ನು ತೆಗೆದು ತಿರುಗಿಸಿ ನೋಡಿದಳು. ಅಡಿಯಲ್ಲಿ ಒಂದು ಗೀರೂ ಇರಲಿಲ್ಲ. ಅಂಗಡಿಯವರು ಅಂಟಿಸಿದ ಅಳತೆಯ ಚೀಟಿ ಹಾಗೇ ಇತ್ತು, ಮೂಲೆ ಕೂಡ ಎದ್ದಿರಲಿಲ್ಲ. ಅವಳು ಶೂಗಳನ್ನು ಇದ್ದ ಹಾಗೇ ಜೋಡಿಸಿಟ್ಟಳು.

ಮಾರನೇ ದಿನ ಬೆಳಗ್ಗೆ ಏಳಕ್ಕೆ ಬಂದಳು. ಹಾಸಿಗೆ ಬದಲಾಗುವ ಹೊತ್ತು ಅದು. ಯಾವ ಆರೈಕೆ ಮನೆಯೂ ಆ ಹೊತ್ತಿನಲ್ಲಿ ಪೌಡರು ಹಚ್ಚಿಕೊಂಡು ಕೂರಲಾರದು. ಮುಂಬಾಗಿಲಿನ ಕಾವಲಿನವನು ನಾಲ್ಕಕ್ಕೆ ಬನ್ನಿ ಎಂದು ತಡೆದ. ಅವಳು ವಾದಿಸಲಿಲ್ಲ, ಕಾಂಪೌಂಡ್ ಸುತ್ತಿ ಹಿಂದಕ್ಕೆ ಹೋದಳು. ಅಲ್ಲಿ ಒಗೆದ ಬಟ್ಟೆಯ ಲಾರಿ ನಿಂತಿತ್ತು. ಚಾಲಕ ಅವಳ ಕಾಲದಲ್ಲಿ ದೊಡ್ಡಾಸ್ಪತ್ರೆಗೂ ಬರುತ್ತಿದ್ದವನು. ಅವಳನ್ನು ನೋಡಿ, ಮೂಟೆ ಹೊತ್ತು ಒಳಗೆ ಹೋಗುವಾಗ ಬಾಗಿಲನ್ನು ಕಾಲಿನಿಂದ ಅಗಲ ಮಾಡಿ ಹಿಡಿದ. ನೀವು ಬಂದಿಲ್ಲ, ನಾನು ನೋಡಿಲ್ಲ ಎಂದ. ಒಳಗೆ ಜೋಡಿಸಿದ ಶೀಟುಗಳನ್ನು ಅವಳ ಕಣ್ಣು ತಾನಾಗೇ ಎಣಿಸಿತು. ಅರವತ್ತು ಹಾಸಿಗೆಯ ಮನೆಗೆ ಮೂವತ್ತೆಂಟು ಶೀಟು. ಎರಡು ದಿನಕ್ಕೊಮ್ಮೆ ಬರುವ ಲಾರಿ.

ಅಕ್ಕ ಎಚ್ಚರವಾಗಿಯೇ ಮಲಗಿದ್ದಳು. ಮೈಗೆ ಡೈಪರ್ ಸುತ್ತಿದ್ದರು, ಅದು ತುಂಬಿ ಭಾರವಾಗಿತ್ತು. ದೊಡ್ಡಾಸ್ಪತ್ರೆಯಲ್ಲಿ ಕೈ ಹಿಡಿದರೆ ಶೌಚಾಲಯಕ್ಕೆ ಹೋಗುತ್ತಿದ್ದವಳು ಅವಳು. ಕರೆಗಂಟೆಯ ಗುಂಡಿಯ ವೈರನ್ನು ಮಂಚದ ತಲೆಭಾಗಕ್ಕೆ ಮೂರು ಸುತ್ತು ಸುತ್ತಿ ಬಿಟ್ಟಿದ್ದರು, ಅದೂ ಬಿದ್ದುಹೋದ ಬಲಗೈಯ ಕಡೆ. ಚಿಕ್ಕಮ್ಮ ಸಾಕ್ಸ್ ಎಳೆದು ನೋಡಿದಳು. ಬಲ ಹಿಮ್ಮಡಿಯಲ್ಲಿ ನಾಣ್ಯದಗಲದ ಕೆಂಪು. ಬೆರಳಿಂದ ಒತ್ತಿ ಬಿಟ್ಟರೆ ಬೆಳ್ಳಗಾಗಬೇಕು; ಆಗಲಿಲ್ಲ. ಆ ಕೆಂಪು ನಾಳೆ ಹುಣ್ಣಾಗಿ ಒಡೆದರೆ ಏನಾಗುತ್ತದೆ ಎಂಬುದನ್ನು ಅವಳು ಎಷ್ಟೋ ಶೀಟಿನ ಮೇಲೆ ಕಂಡಿದ್ದಳು.

ಮಂಚದ ಕಾಲಿಗೆ ಒಂದು ಹಲಗೆ ತೂಗುತ್ತಿತ್ತು. ಎಡಕ್ಕೆ ಹೊರಳಿಸಿದ್ದು, ಬಲಕ್ಕೆ ಹೊರಳಿಸಿದ್ದು, ಶೌಚಾಲಯಕ್ಕೆ ಕರೆದೊಯ್ದದ್ದು, ನಡೆಸಿದ್ದು. ಒಂದೊಂದಕ್ಕೂ ಸಾಲು, ಗಂಟೆಗೊಂದು ಚೌಕ. ಎಲ್ಲದರಲ್ಲೂ ಅಚ್ಚುಕಟ್ಟಾಗಿ ಟಿಕ್ ಬಿದ್ದಿತ್ತು, ಅಂದಿನ ಸಂಜೆ ಆರರವರೆಗೆ. ಗೋಡೆಯ ಗಡಿಯಾರದಲ್ಲಿ ಬೆಳಗಿನ ಏಳೂ ಇಪ್ಪತ್ತು. ಚಿಕ್ಕಮ್ಮ ಮೊಬೈಲ್ ತೆಗೆದು ಹಲಗೆ, ಗಡಿಯಾರ ಎರಡೂ ಬರುವ ಹಾಗೆ ಫೋಟೋ ಹೊಡೆದಳು. ಮೊದಲನೆಯದು ಮಸುಕಾಯಿತು. ಎರಡನೆಯದು ಚೆನ್ನಾಗಿ ಬಂತು.

ಆಗ ಒಳಗೆ ಬಂದ ನರ್ಸ್ ಬೆಚ್ಚಿಬಿದ್ದಳು. ಮುಖ ಬಾಡಿದ, ಕೆಲಸದಲ್ಲಿ ಚುರುಕಾದ ಹೆಂಗಸು. ಚಿಕ್ಕಮ್ಮ ಹಲಗೆಯತ್ತ ನೋಡಿದಳು, ಅವಳೂ ನೋಡಿದಳು.

"ಈ ಮಹಡಿಲಿ ಇಪ್ಪತ್ತೆಂಟು ಜನ. ನಾನು ಒಬ್ಬಳು, ಆಯಾ ಒಬ್ಬಳು," ಎಂದಳು ನರ್ಸ್ ಮೆಲ್ಲಗೆ. "ಟಿಕ್ ಹಾಕಿಲ್ಲ ಅಂದ್ರೆ ನಂಗೆ ಮೆಮೋ. ಹೊರಳಿಸಿಲ್ಲ ಅಂದ್ರೆ ಯಾರೂ ಕೇಳಲ್ಲ."

ಇಲ್ಲಿಗೆ ಬಂದು ಎಷ್ಟು ದಿನವಾಯಿತೆಂದು ಚಿಕ್ಕಮ್ಮ ಕೇಳಿದಳು. ಮೂರು ತಿಂಗಳು, ನನಗಿಂತ ಮುಂಚೆ ಇದ್ದವಳು ಎರಡೇ ತಿಂಗಳಿಗೆ ಬಿಟ್ಟಳು ಎಂದಳು. ಚಿಕ್ಕಮ್ಮನಿಗೆ ಅವಳ ಮೇಲೆ ಬಂದಿದ್ದ ಸಿಟ್ಟು ಅಷ್ಟಕ್ಕೇ ಇಳಿದುಹೋಯಿತು. ಇಬ್ಬರೂ ಸೇರಿ ಅಕ್ಕನನ್ನು ಎಬ್ಬಿಸಿ, ತೊಳೆದು, ಶೌಚಾಲಯಕ್ಕೆ ಕರೆದೊಯ್ದು ತಂದು ಗಾಲಿಕುರ್ಚಿಯಲ್ಲಿ ಕೂರಿಸಿದರು. ಹದಿನೆಂಟು ನಿಮಿಷ ಹಿಡಿಯಿತು. ಉಳಿದ ಇಪ್ಪತ್ತೇಳು ಜನರಿಗೂ ಹೀಗೇ ಮಾಡಿದರೆ ಎಷ್ಟಾಗುತ್ತದೆ ಎಂದು ಲೆಕ್ಕ ಹಾಕುವ ಅಗತ್ಯ ಇಬ್ಬರಿಗೂ ಇರಲಿಲ್ಲ.

ಚಿಕ್ಕಮ್ಮ ಅಕ್ಕನ ಮಗನಿಗೆ ಫೋನು ಮಾಡಿ ಕೂಡಲೇ ಬಾ ಎಂದಳು. ಆಮೇಲೆ ಅಕ್ಕನ ಮಂಚದ ಮೇಲೆ ಕೂತು ಅಲ್ಲಾಡಲಿಲ್ಲ. ಒಂಬತ್ತಕ್ಕೆ ಕಾವಲಿನವನು ಬಂದು ಹೊರಗೆ ನಡೆಯಿರಿ ಎಂದ. ಅವಳು ಸೊಪ್ಪು ಹಾಕಲಿಲ್ಲ.

"ನನ್ನನ್ನ ಎತ್ತಿ ಹೊರಗೆ ಹಾಕ್ಬೇಕು ಅಂದ್ರೆ ಇಬ್ಬರು ಬೇಕಾಗ್ತಾರಪ್ಪ. ಆ ಇಬ್ಬರು ಇದ್ರೆ ಮೊದಲು ಈ ಮಹಡಿಗೆ ಕಳಿಸು. ಇಲ್ಲಿ ಮಲಗಿರೋರನ್ನ ಹೊರಳಿಸಲಿ. ಅದಾದ್ಮೇಲೆ ನನ್ನ ಹತ್ರ ಬನ್ನಿ, ನಾನಾಗೇ ಎದ್ದು ಹೋಗ್ತೀನಿ."

ಕಾವಲಿನವನು ತಲೆ ಕೆರೆದುಕೊಂಡು ಮ್ಯಾನೇಜರನ್ನು ಕರೆತರಲು ಹೋದ. ಅಕ್ಕನ ಮಗ ಪಾಠ ಅರ್ಧಕ್ಕೆ ಬಿಟ್ಟು, ಎಲ್ ಬೋರ್ಡಿನ ಕಾರಿನಲ್ಲೇ ಬಂದಿಳಿದ. ಮೇಲೆ ಬಂದಾಗ ಮ್ಯಾನೇಜರ್ ಅವನನ್ನೇ ಕಾಯುತ್ತಿದ್ದ. ದನಿ ಎಂದಿನಷ್ಟೇ ಮೆತ್ತಗಿತ್ತು. ನಿಮ್ಮ ಚಿಕ್ಕಮ್ಮ ಸರಕಿನ ಬಾಗಿಲಿಂದ ನುಗ್ಗಿದ್ದಾರೆ, ಸಿಬ್ಬಂದಿಯನ್ನು ಹೆದರಿಸಿದ್ದಾರೆ, ಇನ್ನು ಮುಂದೆ ಅವರನ್ನು ಒಳಗೆ ಬಿಡಲಾಗುವುದಿಲ್ಲ, ತಾಯಿಯವರಂತೂ ಇಲ್ಲಿ ಸಂತೋಷವಾಗಿದ್ದಾರೆ ಎಂದ. ಅಕ್ಕನ ಮಗನ ಕಿವಿಯವರೆಗೆ ಕೆಂಪೇರಿತು. ಯಾಕೆ ಚಿಕ್ಕಮ್ಮ ಹೀಗೆಲ್ಲ ಮಾಡ್ತೀಯ ಎಂದು ತಗ್ಗಿದ ದನಿಯಲ್ಲಿ ಕೇಳಿದ.

"ನನ್ನ ಕೇಳ್ಬೇಡ. ಇಲ್ಲಿರೋಳು ಅವಳು. ಅವಳನ್ನ ಕೇಳು," ಎಂದಳು ಚಿಕ್ಕಮ್ಮ.

ಅವನು ಬಗ್ಗಿ, ಅಮ್ಮ, ಇಲ್ಲೇ ಇರ್ತೀಯಾ ಎಂದು ಕೇಳಿದ. ಅಕ್ಕ ಕತ್ತರಿಸಿದ ಹಾಗೆ "ಬೇಡ" ಎಂದಳು. ಮ್ಯಾನೇಜರ್ ಮುಗುಳ್ನಕ್ಕ. ಪಾಪ, ಅವರು ಚಹಾಕ್ಕೂ ಹಾಗೇ ಅನ್ನುತ್ತಾರೆ ಎಂದ.

ಅಕ್ಕ ಮ್ಯಾನೇಜರನ ಮುಖವನ್ನೇ ಒಂದು ಗಳಿಗೆ ನೋಡಿದಳು. ಆಮೇಲೆ ಗಾಲಿಕುರ್ಚಿಯ ಮುಂದೆ, ಏಳದಂತೆ ಅಡ್ಡ ಹಾಕಿದ್ದ ತಟ್ಟೆಹಲಗೆಯ ಕೊಕ್ಕೆಯನ್ನು ಎಡಗೈಯಿಂದ ಬಿಚ್ಚಿದಳು. ಹಲಗೆ ನೆಲಕ್ಕೆ ಬಿತ್ತು. ಮಂಚದ ಕಂಬಿ ಹಿಡಿದು, ಎಡಗಾಲು ಊರಿ, ಹಲ್ಲು ಕಚ್ಚಿ ಮೈಯನ್ನು ಮೇಲೆತ್ತಿದಳು. ಬಲಗಾಲು ಹಿಂದೆ ಎಳೆದುಕೊಂಡು ಬಂತು. ನರ್ಸ್ ಹಿಡಿಯಲು ಹೋದಳು, ಚಿಕ್ಕಮ್ಮ ಕೈ ಅಡ್ಡ ಹಿಡಿದು ತಡೆದಳು. ಅಕ್ಕ ನಿಂತಳು. ಲಕ್ವ ಹೊಡೆದ ಮೇಲೆ ಯಾರ ಆಸರೆಯೂ ಇಲ್ಲದೆ ನಿಂತದ್ದು ಅದೇ ಮೊದಲು. ತೊಡೆ ಗಡಗಡ ನಡುಗುತ್ತಿತ್ತು. ನಾಲ್ಕೈದು ಉಸಿರು ಎಳೆಯುವಷ್ಟು ಹೊತ್ತು ನಿಂತು, ಮ್ಯಾನೇಜರನ ಕಣ್ಣಲ್ಲಿ ಕಣ್ಣಿಟ್ಟು ಮತ್ತೊಮ್ಮೆ "ಬೇಡ" ಎಂದಳು.

ಈ ಸಲ ಮ್ಯಾನೇಜರ್ ನಗಲಿಲ್ಲ. ಚಿಕ್ಕಮ್ಮ ಅಕ್ಕನನ್ನು ಕೂರಿಸಿದಳು. ಮಗ ನೆಲದ ಮೇಲೆ ಕೂತು ತಾಯಿಯ ಸಾಕ್ಸನ್ನು ತಾನೇ ಬಿಚ್ಚಿದ. ಹಿಮ್ಮಡಿಯನ್ನು ಅಂಗೈಯಲ್ಲಿಟ್ಟುಕೊಂಡು ಎಷ್ಟೋ ಹೊತ್ತು ನೋಡಿದ. ಎದ್ದು ಮಂಚದ ಕಾಲಿನ ಹಲಗೆ ಓದಿದ.

"ಇವತ್ತು ಸಂಜೆ ನಾಲ್ಕಕ್ಕೆ ನಮ್ಮಮ್ಮ ನಡೆದಾಗಿದೆ ಅಂತ ಬರೆದಿದ್ದೀರಿ," ಎಂದ ಮ್ಯಾನೇಜರಿಗೆ. "ಈಗಿನ್ನೂ ಹತ್ತೂವರೆ."

ಮ್ಯಾನೇಜರ್ ಏನೋ ವಿವರಿಸತೊಡಗಿದ. ಮಗ ಕಿವಿಗೆ ಹಾಕಿಕೊಳ್ಳಲಿಲ್ಲ. ಕಾರಿನ ಕೀಲಿಯನ್ನು ಚಿಕ್ಕಮ್ಮನ ಕೈಗಿಟ್ಟು, ನೀನು ಹೋಗಿ ಕಾರಲ್ಲಿ ಕೂತ್ಕೋ, ನಾನು ಅಮ್ಮನ ಸಾಮಾನು ಕಟ್ತೀನಿ ಅಂದ. ಅವಳು ಹೋಗಲಿಲ್ಲ. ಮಂಚದ ಕೆಳಗಿನಿಂದ ಶೂಗಳನ್ನು ತೆಗೆದು ಅಕ್ಕನ ಕಾಲಿಗೆ ಹಾಕತೊಡಗಿದಳು.

ಡಾಕ್ಟರನ್ನು ಕಾಡಿ ಬೇಡಿ ಅಕ್ಕನನ್ನು ಒಂದು ವಾರದ ಮಟ್ಟಿಗೆ ದೊಡ್ಡಾಸ್ಪತ್ರೆಗೇ ಮತ್ತೆ ಸೇರಿಸಿದರು. ಆ ವಾರದಲ್ಲಿ ಚಿಕ್ಕಮ್ಮ ಐದು ಮನೆ ನೋಡಿದಳು. ಅಕ್ಕನ ಮಗ ಕಾರು ಓಡಿಸಿದ. ಅವಳು ಹೇಳಿ ಹೋಗುತ್ತಿರಲಿಲ್ಲ. ಒಳಗೆ ಹೋಗುವ ಮೊದಲು ಎದುರಿನ ಬಸ್ ಸ್ಟಾಪಿನಲ್ಲಿ ಕೂತು, ಪಾಳಿ ಬದಲಾಗುವಾಗ ಹೊರಬರುವವರ ಮುಖ ನೋಡುತ್ತಿದ್ದಳು. ಎಷ್ಟು ವರ್ಷದಿಂದ ಇದ್ದೀರಿ ಎಂದು ಅವರನ್ನೇ ಮಾತಿಗೆ ಎಳೆಯುತ್ತಿದ್ದಳು. ಒಂದು ಮನೆಯಲ್ಲಿ ಎಲ್ಲ ಸರಿಯಿದೆ ಎಂದುಕೊಳ್ಳುವಷ್ಟರಲ್ಲಿ, ಊಟ ಮಾಡಿಸುತ್ತಿದ್ದ ಆಯಾ ಒಂದೇ ಚಮಚವನ್ನು ಇಬ್ಬರ ಬಾಯಿಗೂ ಇಡುವುದು ಕಂಡಿತು. ಅಲ್ಲಿಂದ ಹಾಗೇ ವಾಪಸಾದಳು.

ಐದನೆಯದು ಟೈರ್ ಅಂಗಡಿಯ ಪಕ್ಕದ ಹಳೇ ಕಟ್ಟಡ. ಗೋಡೆಯ ಬಣ್ಣ ಎದ್ದಿತ್ತು. ಬೆಳಗ್ಗೆ ಏಳಕ್ಕೆ ಒಳಗೆ ಕಾಲಿಟ್ಟರೆ ಮೂತ್ರದ ವಾಸನೆ, ಸೋಪಿನ ವಾಸನೆ ಎರಡೂ ಮೂಗಿಗೆ ಹೊಡೆದವು. ಒಂದು ಕೋಣೆಯಲ್ಲಿ ಯಾರೋ ಮುದುಕ ತನ್ನ ಕನ್ನಡಕಕ್ಕಾಗಿ ಅರಚುತ್ತಿದ್ದ. ಕರೆಗಂಟೆಗಳು ಒಂದರ ಮೇಲೊಂದು ಮೊಳಗುತ್ತಿದ್ದವು. ಅಕ್ಕನ ಮಗನ ಮುಖ ಸಣ್ಣದಾಯಿತು. ನಕ್ಷತ್ರ ಮೂರೇ ಇದೆ ಚಿಕ್ಕಮ್ಮ ಎಂದ. ಅವಳು ನೇರ ಶೌಚಾಲಯಕ್ಕೆ ಹೋಗಿ, ಅಲ್ಲಿನ ಕರೆಗಂಟೆಯ ಹಗ್ಗ ಎಳೆದು ಕಾದಳು. ಎರಡು ನಿಮಿಷವಾಗುವ ಮೊದಲೇ ಆಯಾ ಒಬ್ಬಳು ಒದ್ದೆ ಕೈಯಲ್ಲೇ ಓಡಿ ಬಂದಳು. ಏನೂ ಆಗಿಲ್ಲವೆಂದು ಗೊತ್ತಾಗಿ, ಅಲ್ಲಿ ಒಬ್ಬರನ್ನ ಅರ್ಧ ಸ್ನಾನದಲ್ಲಿ ಬಿಟ್ಟು ಬಂದಿದ್ದೀನಿ, ನಿಮಗೆ ಆಟವಾ ಎಂದು ಚೆನ್ನಾಗಿ ಝಾಡಿಸಿದಳು. ಬೈಸಿಕೊಂಡು ಅಷ್ಟು ಖುಷಿಯಾದದ್ದು ಚಿಕ್ಕಮ್ಮನಿಗೆ ಆ ವರ್ಷದಲ್ಲಿ ಅದೊಂದೇ ಸಲ.

ಕೋಣೆಗಳ ಮುಂದೆ ಹಾದುಹೋದಳು. ಮಂಚಗಳ ಬಳಿ ಶೂಗಳಿದ್ದವು. ಹಿಮ್ಮಡಿ ಸವೆದವು, ಒಂದು ಬದಿಗೆ ವಾಲಿದವು, ಲೇಸಿನ ಬದಲು ಪಟ್ಟಿ ಹೊಲಿದವು. ಇಲ್ಲಿನ ಹೆಡ್ ನರ್ಸ್ ಶೀಟಿನ ಕೋಣೆಯ ಬೀಗ ತೆಗೆದು, ನೋಡಿ, ಮುಗಿದ ಮೇಲೆ ಬಾಗಿಲು ಎಳೆದುಕೊಂಡು ಬನ್ನಿ ಎಂದು ತನ್ನ ಕೆಲಸಕ್ಕೆ ಹೋದಳು. ಆಮೇಲೆ ಚಹಾ ಕುಡಿಯುತ್ತ ತಾನಾಗಿಯೇ ಕೊರತೆಗಳನ್ನು ಹೇಳಿದಳು. ಲಿಫ್ಟ್ ತಿಂಗಳಿಗೊಮ್ಮೆ ಕೈ ಕೊಡುತ್ತದೆ, ಭಾನುವಾರ ವ್ಯಾಯಾಮದವರು ಬರುವುದಿಲ್ಲ, ಕಾರಿಡಾರು ಕಿರಿದು. ನಕ್ಷತ್ರ ಯಾಕೆ ಕಡಿಮೆ ಎಂದು ಚಿಕ್ಕಮ್ಮ ಕೇಳಿದಳು.

"ಹೋದ ವರ್ಷ ಇಲ್ಲಿ ಒಂಬತ್ತು ಜನ ಬಿದ್ದಿದ್ದಾರೆ. ಒಬ್ಬರಿಗೆ ಮಣಿಕಟ್ಟು ಮುರೀತು. ಎಲ್ಲ ಬರೆದು ಕಳಿಸಿದ್ವಿ, ಅಂಕ ಹೋಯ್ತು," ಎಂದಳು ಹೆಡ್ ನರ್ಸ್. "ಬೀಳದ ಹಾಗೆ ಕೂರಿಸಿಬಿಡೋದು ತುಂಬ ಸುಲಭ ನೋಡಿ. ಕುರ್ಚಿಗೊಂದು ಹಲಗೆ ಹಾಕಿದ್ರೆ ಆಯ್ತು."

ಚಿಕ್ಕಮ್ಮ ಅಷ್ಟಕ್ಕೇ ಒಪ್ಪಲಿಲ್ಲ. ಹನ್ನೊಂದಕ್ಕೆ ಮತ್ತೆ ಬಂದಳು. ವಾಸನೆ ಹೋಗಿತ್ತು. ಎಲ್ಲರೂ ಹಗಲಿನ ಬಟ್ಟೆ ಹಾಕಿಕೊಂಡಿದ್ದರು. ಅರಚುತ್ತಿದ್ದ ಮುದುಕನ ಮೂಗಿನ ಮೇಲೆ ಕನ್ನಡಕ ಇತ್ತು.

ಅಕ್ಕನ ದಿನಗಳು ಅಲ್ಲಿ ಸುಖವಾಗಿ ಕಳೆದವು ಎಂದರೆ ಸುಳ್ಳಾಗುತ್ತದೆ. ವ್ಯಾಯಾಮ ಮಾಡಿಸುವವಳು ಕುಳ್ಳಗಿನ ಗಟ್ಟಿಗಂಟಲಿನ ಹೆಂಗಸು. ಅಕ್ಕ ಎರಡು ಹೆಜ್ಜೆ ಇಟ್ಟರೆ ಮೂರನೆಯದೆಲ್ಲಿ ಎನ್ನುವವಳು. ಅಕ್ಕ ಅವಳನ್ನು ಒಂದೇ ಪದದಲ್ಲಿ ದಿನಕ್ಕೆ ನೂರು ಸಲ ಬೈದಳು. ಅದು ಸಾಲದಾಗಿ, ಒಂದು ಬೆಳಗ್ಗೆ ಎರಡನೆಯ ಪದ ಬಾಯಿಂದ ಹೊರಬಿತ್ತು: "ಹೋಗೇ." ವ್ಯಾಯಾಮದವಳು ಕುಣಿದಾಡಿ ಕಾರಿಡಾರಿಗೆಲ್ಲ ಸುದ್ದಿ ಸಾರಿದಳು. ಹಿಮ್ಮಡಿಯ ಗಾಯ ಮಾಯಲು ಐದು ವಾರ ಹಿಡಿಯಿತು. ಬಲಗೈ ಮಾತ್ರ ಸೂಜಿ ಹಿಡಿಯುವ ಹಾಗೆ ಆಗಲೇ ಇಲ್ಲ.

ಮೂರನೇ ತಿಂಗಳಲ್ಲಿ ಅಕ್ಕ ಬಿದ್ದಳು. ಹತ್ತು ನಿಮಿಷದೊಳಗೆ ಹೆಡ್ ನರ್ಸೇ ಫೋನು ಮಾಡಿ ಹೇಳಿದಳು. ಹುಬ್ಬಿನ ಮೇಲೆ ಎರಡು ಹೊಲಿಗೆ, ಬೇರೇನಿಲ್ಲ. ಓಡಿ ಬಂದ ಮಗ, ಇನ್ನು ನಡೆಸುವುದು ಸಾಕು, ಕುರ್ಚಿಯಲ್ಲೇ ಇರಲಿ ಎಂದ. ಆಶ್ಚರ್ಯವೆಂದರೆ ಚಿಕ್ಕಮ್ಮನಿಗೂ ಹಾಗೇ ಅನ್ನಿಸಿತು. ಊದಿದ ಆ ಮುಖ ನೋಡಿ ಅವಳ ಧೈರ್ಯವೆಲ್ಲ ಸೋರಿಹೋಗಿತ್ತು. ಹೆಡ್ ನರ್ಸ್ ಬಳಿ ಹೋಗಿ ಸ್ವಲ್ಪ ದಿನ ಕೂರಿಸಿಬಿಡಿ ಎಂದು ಕೇಳಿಯೂ ಬಿಟ್ಟಳು. ಅಕ್ಕ ಅದನ್ನು ಕೇಳಿಸಿಕೊಂಡಳೋ ಏನೋ. ಮಾರನೇ ಬೆಳಗ್ಗೆ ಅವರಿಬ್ಬರೂ ಬಂದಾಗ ಮಂಚದ ಅಂಚಿನಲ್ಲಿ ಕೂತು, ಶೂಗಳೆರಡನ್ನೂ ಎಡಗೈಯಲ್ಲಿ ಎತ್ತಿ ಹಿಡಿದಿದ್ದಳು. ಚಿಕ್ಕಮ್ಮ ಹತ್ತಿರ ಹೋದದ್ದೇ ಅವನ್ನು ಅವಳತ್ತ ಎಸೆದಳು. ಬಾಯಿ ಮುಚ್ಚಿಕೊಂಡು ಹಾಕು ಎಂದು ಚಿಕ್ಕಂದಿನಲ್ಲಿ ಗದರುತ್ತಿದ್ದಾಗಿನ ಮುಖವೇ ಅದು.

ಈ ನಡುವೆ ಚಿಕ್ಕಮ್ಮ ಆರೈಕೆ ಮನೆಗಳ ತಪಾಸಣೆ ಮಾಡುವ ಇಲಾಖೆಗೆ ಪತ್ರ ಬರೆದು, ಫೋಟೋ ಲಗತ್ತಿಸಿ ಕಳಿಸಿದ್ದಳು. ಎರಡು ಪತ್ರಕ್ಕೆ ಉತ್ತರ ಬರಲಿಲ್ಲ. ಮೂರನೆಯದನ್ನು ಕೈಯಲ್ಲೇ ಒಯ್ದು, ಸ್ವೀಕೃತಿಯ ಮುದ್ರೆ ಬೀಳುವವರೆಗೆ ಕಚೇರಿಯ ಬೆಂಚು ಬಿಟ್ಟು ಏಳಲಿಲ್ಲ. ಕೊನೆಗೆ ಹೇಳಿಕೆ ಕೊಡಲು ಕರೆ ಬಂತು. ಮೇಜಿನಾಚೆ ಕೂತ ಅಧಿಕಾರಿ ಹೆಸರು, ವಿಳಾಸ ಬರೆದುಕೊಂಡು, ಈ ವಿಷಯದಲ್ಲಿ ನಿಮ್ಮ ವಿದ್ಯಾರ್ಹತೆ ಏನು ಎಂದು ಕೇಳಿದ.

"ಬಟ್ಟೆ ಒಗೀತಿದ್ದೆ," ಎಂದಳು.

ಅವನು ಪೆನ್ನು ಕೆಳಗಿಟ್ಟ. ಅವಳು ಎಲ್ಲವನ್ನೂ ಹೇಳಿದಳು. ಕಲೆಯೊಳಗಿನ ಕಲೆಯ ಮಾತು, ಅರವತ್ತು ಹಾಸಿಗೆಗೆ ಮೂವತ್ತೆಂಟು ಶೀಟು, ಬಲಗೈ ಕಡೆ ಸುತ್ತಿದ ವೈರು, ಶೂ ಅಡಿಯ ಚೀಟಿ. ಸ್ವಲ್ಪ ಹೊತ್ತಿಗೆ ಅವನು ಪೆನ್ನು ಎತ್ತಿಕೊಂಡ. ನಡುವೆ, ಆ ಸುಳ್ಳು ಟಿಕ್ ಹಾಕಿದ್ದು ಯಾರು, ಗುರುತು ಹೇಳುತ್ತೀರಾ ಎಂದು ಕೇಳಿದ.

"ಟಿಕ್ ಹಾಕಿದ ಕೈ ಯಾರದ್ದು ಅಂತ ಕೇಳ್ಬೇಡಿ ಸಾರ್. ಅಲ್ಲಿ ಎಷ್ಟು ಕೈ ಇತ್ತು ಅಂತ ಕೇಳಿ. ಅದನ್ನ ಬೇಕಾದ್ರೆ ರುಜು ಹಾಕಿ ಹೇಳ್ತೀನಿ."

ಇಲಾಖೆಯವರು ಹೇಳದೆ ಕೇಳದೆ ಒಂದು ಬೆಳಗ್ಗೆ ಏಳಕ್ಕೆ ಕಾರಂಜಿ ಮನೆಗೆ ಹೋದರು. ನಕ್ಷತ್ರ ಐದರಿಂದ ಎರಡಕ್ಕೆ ಇಳಿಯಿತು. ಮಹಡಿಗೆ ಇಬ್ಬರು ನರ್ಸ್, ಮೂವರು ಆಯಾ ಇರಬೇಕೆಂದು ಆದೇಶವಾಯಿತು. ಮ್ಯಾನೇಜರ್ ಅಲ್ಲೇ ಇದ್ದಾನೆ. ಮುಖ ಬಾಡಿದ ಆ ನರ್ಸ್ ಅಷ್ಟು ಹೊತ್ತಿಗಾಗಲೇ ಕೆಲಸ ಬಿಟ್ಟಿದ್ದಳು, ಎಲ್ಲಿಗೆ ಹೋದಳೋ ತಿಳಿಯಲಿಲ್ಲ. ಐದು ನಕ್ಷತ್ರದ ಪತ್ರವನ್ನು ಗೋಡೆಯಿಂದ ಇಳಿಸದೆ ಹಾಗೇ ಬಿಟ್ಟಿದ್ದರು. ಚಿಕ್ಕಮ್ಮ ಅದರ ಬಗ್ಗೆಯೂ ಒಂದು ಪತ್ರ ಬರೆದಳು. ಅದನ್ನು ಇಳಿಸಿದ್ದು ಎರಡು ತಿಂಗಳ ಮೇಲೆ.

ಐದು ತಿಂಗಳು ತುಂಬಿದಾಗ ಅಕ್ಕನಿಗೆ ಸುಮಾರು ಮೂವತ್ತು ಪದ ಬಂದಿದ್ದವು, ನಾಲ್ಕು ಕಾಲಿನ ಕೋಲು ಹಿಡಿದು ನಡೆಯುತ್ತಿದ್ದಳು. ಚಿಕ್ಕಮ್ಮನ ಮನೆ ನೆಲಮಟ್ಟದಲ್ಲಿದ್ದುದರಿಂದ ಅಲ್ಲಿಗೇ ಹೋಗುವುದೆಂದಾಯಿತು. ಹೊರಡುವ ದಿನ ಆಯಾ ಗಾಲಿಕುರ್ಚಿ ತಂದಳು. ಗೇಟಿನವರೆಗೆ ಕುರ್ಚಿಯಲ್ಲೇ ಕರೆದೊಯ್ಯಬೇಕೆಂಬುದು ಆ ಮನೆಯ ನಿಯಮ. ಅಕ್ಕ ಅದರತ್ತ ತಿರುಗಿಯೂ ನೋಡಲಿಲ್ಲ. ಹೆಡ್ ನರ್ಸ್ ನಿಯಮ ನಿಯಮ ಎಂದು ಎರಡು ಸಲ ಹೇಳಿ ಸೋತು, ಕೊನೆಗೆ ಖಾಲಿ ಕುರ್ಚಿಯನ್ನು ತಾನೇ ತಳ್ಳಿಕೊಂಡು ಅಕ್ಕನ ಹಿಂದೆ ನಡೆದಳು. ಕಾರಿಡಾರು, ಇಳಿಜಾರು, ಅಂಗಳ ದಾಟಲು ಇಪ್ಪತ್ತೈದು ನಿಮಿಷವಾಯಿತು. ಕನ್ನಡಕದ ಮುದುಕ ಕಿಟಕಿಯಿಂದ ಎಲ್ಲವನ್ನೂ ನೋಡುತ್ತಿದ್ದ.

ಮಗ ಹಿಂದಿನ ಬಾಗಿಲು ತೆರೆದು ನಿಂತಿದ್ದ. ಅಕ್ಕ ಮುಂದಿನ ಬಾಗಿಲ ಬಳಿ ಹೋಗಿ ನಿಂತಳು. ಅಲ್ಲಿ ಬೇಡ ಅಮ್ಮ, ಹಿಂದೆ ಆರಾಮಾಗಿರುತ್ತೆ ಎಂದು ಮಗ ಹೇಳಿದರೂ ಕೇಳದೆ ಮುಂದೆಯೇ ಕೂತಳು. ಡ್ರೈವಿಂಗ್ ಸ್ಕೂಲಿನ ಕಾರು. ಕಲಿಸುವವರಿಗೆಂದು ಆ ಬದಿಯಲ್ಲೂ ಒಂದು ಬ್ರೇಕ್ ಇತ್ತು. ಕಾರು ಗೇಟು ದಾಟುವಷ್ಟರಲ್ಲಿ ಗಕ್ಕನೆ ನಿಂತುಬಿಟ್ಟಿತು. ಮಗ ಗಾಬರಿಯಿಂದ ಬಗ್ಗಿ ನೋಡಿದ. ತಾಯಿಯ ಲಕ್ವ ಹೊಡೆದಿದ್ದ ಬಲಗಾಲಿನ ಶೂ ಬ್ರೇಕಿನ ಮೇಲಿತ್ತು. ಜಾರಿ ಬಿದ್ದದ್ದಲ್ಲ, ಒತ್ತಿ ಹಿಡಿದದ್ದು. ಅವಳು ನೇರ ಮುಂದೆ ರಸ್ತೆಯನ್ನು ನೋಡುತ್ತಿದ್ದಳು.

ಹಿಂದೆ ಕೂತ ಚಿಕ್ಕಮ್ಮ ಏನಾಯಿತೆಂದು ಕೇಳಿದಳು. ಏನಿಲ್ಲ, ಅಮ್ಮ ಬ್ರೇಕ್ ಹಾಕಿದಳು ಎಂದ ಅವನು. ಟೈರ್ ಅಂಗಡಿಗೆ ಬಂದ ಲಾರಿಯೊಂದು ಹಿಂದಿನಿಂದ ಹಾರ್ನ್ ಬಾರಿಸುತ್ತಿತ್ತು. ಅವನು ಎಂಜಿನ್ ಆರಿಸಿ, ತಾಯಿ ಕಾಲು ತೆಗೆಯುವವರೆಗೆ ಕಾಯುತ್ತ ಕೂತ.